ಚುಕ್ಕೆ ಹಾಳೆಗಳು

ಮುದ್ರಣಾಲಯದ ಕರಡು ತಿದ್ದುವ ಅಮ್ಮ ಮೇಜಿನ ಮೇಲಿದ್ದ ಸ್ಕ್ರೂಗಳನ್ನೆಲ್ಲ ಅಂಗೈಯಿಂದ ಒಮ್ಮೆಲೇ ಬದಿಗೆ ಸರಿಸಿದಾಗ ಕಂಪ್ಯೂಟರ್ ಮೆಕ್ಯಾನಿಕ್ ಹೌಹಾರಿದ. ಯಾವುದು ಎಲ್ಲಿಯದೆಂದು ಗುರುತಿಟ್ಟುಕೊಂಡು ಅವನ್ನು ಸಾಲಾಗಿ ಜೋಡಿಸಲು ಅವನಿಗೆ ಇಡೀ ಬೆಳಗ್ಗೆ ಹಿಡಿದಿತ್ತು.

“ಅಯ್ಯೋ ಅಮ್ಮಾ, ಮುಟ್ಟಬೇಡಿ!”

“ಮುಟ್ಟದೆ ಓದೋದು ಹೇಗಪ್ಪಾ? ಇದರ ಮೇಲೆ ಸ್ಕ್ರೂ ಹರಡಿದ್ದೀಯಲ್ಲ, ಇದೇನು ಅಂತ ಗೊತ್ತಾ ನಿನಗೆ?”

ಅವನಿಗೆ ಗೊತ್ತಿದ್ದ ಮಟ್ಟಿಗೆ ಅದು ರದ್ದಿ. ಕಣ್ಣು ಕಾಣದವರಿಗಾಗಿ ಬ್ರೈಲ್ ಪುಸ್ತಕ ಅಚ್ಚು ಹಾಕುವ ಮುದ್ರಣಾಲಯ ಅದು. ಅಲ್ಲಿ ಕಸದ ಬುಟ್ಟಿಗೆ ಹೋಗುವ ಕಾಗದದ ಮೇಲೂ ಉಬ್ಬು ಚುಕ್ಕೆಗಳಿರುತ್ತವೆ. ಕಪಾಟಿನ ತಳದಲ್ಲಿ ಸಿಕ್ಕಿದ ದಪ್ಪ ಹಾಳೆಗಳ ಕಟ್ಟನ್ನು ಬಿಚ್ಚಿ, ಮೂರು ವಾರದಿಂದ ಸ್ಕ್ರೂ ಇಡಲು, ಟೀ ಲೋಟ ಇಡಲು ಬಳಸುತ್ತಿದ್ದ.

ಆ ಮೂರು ವಾರವೂ ಅವನು ಕೈಕಟ್ಟಿ ಕೂತವನಲ್ಲ. ಅವನು ರಿಪೇರಿಗೆಂದು ಬಂದಿದ್ದ ಮೂವತ್ತು ವರ್ಷದ ಹಿಂದಿನ ಕಂಪ್ಯೂಟರನ್ನು ಮಾಡಿದ ಕಂಪನಿ ಎಂದೋ ಬಾಗಿಲು ಮುಚ್ಚಿತ್ತು. ಅದನ್ನು ಚಾಲೂ ಮಾಡುವ ಸಾಫ್ಟ್‌ವೇರ್ ಆಗಲಿ, ಕೈಪಿಡಿಯಾಗಲಿ ಎಲ್ಲೂ ಸಿಗಲಿಲ್ಲ. ಹಳೇ ಯಂತ್ರ ಕೂಡಿಡುವ ಹುಚ್ಚಿರುವವರಿಗೆಲ್ಲ ಅವನು ದೇಶ ದೇಶಕ್ಕೆ ಬರೆದ. ಒಬ್ಬ ಕೈಪಿಡಿಯ ಮುಖಪುಟದ ಫೋಟೊ ಮಾತ್ರ ಕಳಿಸಿದ. ಒಳಗಿನದನ್ನೆಲ್ಲ ಗೆದ್ದಲು ತಿಂದಿತ್ತಂತೆ. ಆ ಕಂಪನಿಯಲ್ಲೇ ದುಡಿದಿದ್ದ ಮುದಿ ಎಂಜಿನಿಯರ್ ಒಬ್ಬರು, ‘ನನಗೇನೂ ನೆನಪಿಲ್ಲ. ಕಂಪ್ಯೂಟರಿಗೆ ನಾನು ಕೇಳಿದೆ ಅಂತ ಹೇಳಿ’ ಎಂದು ಉತ್ತರಿಸಿದ್ದರು.

ಅಮ್ಮನ ಯಜಮಾನರು ಆ ಕಂಪ್ಯೂಟರಿನ ಮುಂದೆ ಕೂತು ನೂರರವತ್ತು ಪುಸ್ತಕಗಳನ್ನು ಬ್ರೈಲ್‌ಗೆ ಇಳಿಸಿದ್ದರು. ಹೆಂಡತಿಯಂತೆ ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಅದನ್ನು ಚಾಲೂ ಮಾಡುವುದು ಯಾರಿಗೂ ಬರಲಿಲ್ಲ, ಪುಸ್ತಕಗಳೆಲ್ಲ ಅದರ ಹೊಟ್ಟೆಯಲ್ಲೇ ಉಳಿದವು. ನಾಳೆ ಬೆಳಿಗ್ಗೆ ಗುಜರಿಯವನು ಬರುತ್ತಾನೆ, ಇನ್ನು ಕಾಯುವುದಿಲ್ಲ ಎಂದು ಮ್ಯಾನೇಜರ್ ಖಡಾಖಂಡಿತ ಹೇಳಿಬಿಟ್ಟಿದ್ದರು. ನಾಲ್ಕು ವರ್ಷದಿಂದ ಈ ಕೋಣೆಯ ಕಡೆ ತಲೆ ಹಾಕದಿದ್ದ ಅಮ್ಮ, ಕೊನೆಯ ಸಲ ಅದನ್ನೊಮ್ಮೆ ಸವರಿ ಹೋಗೋಣವೆಂದು ಬಂದಿದ್ದರು. ಕೈಗೆ ಮೊದಲು ತಗುಲಿದ್ದು ಆ ಹಾಳೆ.

“ಇದು ಈ ಮಷೀನಿನ ಕೈಪಿಡಿ ಕಣಪ್ಪಾ. ಯಾರ ಕೈಲೋ ಓದಿಸಿಕೊಂಡು ನಮ್ಮನೆಯವರು ಬರೆದಿಟ್ಟಿದ್ದು. ಅವರ ತಪ್ಪುಗಳು ನನಗೆ ಗೊತ್ತಾಗಲ್ವಾ? ಜೀವಮಾನ ಪೂರ್ತಿ ತಿದ್ದಿದ್ದೀನಿ.”

ಮೆಕ್ಯಾನಿಕ್ ನಾಲಿಗೆ ಕಚ್ಚಿಕೊಂಡ. “ಲೋಕ ಎಲ್ಲ ಹುಡುಕಿದೆನಲ್ಲಮ್ಮಾ! ಇದರ ಮೇಲೇ ಟೀ ಕುಡೀತಿದ್ದೆ!”

“ಗೊತ್ತಾಗ್ತಾ ಇದೆ, ನಾಲ್ಕನೇ ಪುಟ ಅಂಟಂಟು. ಕಣ್ಣಿರೋರ ಪಾಡೇ ಇಷ್ಟು,” ಎಂದು ಅಮ್ಮ ನಕ್ಕರು. ಹಾಕಿ ನೋಡಿ ಸೋತು ಅವನು ಮೂಲೆಗೆ ತಳ್ಳಿದ್ದ, ಹೆಸರು ಬರೆಯದ ಫ್ಲಾಪಿಗಳ ಡಬ್ಬಿಯನ್ನು ತರಿಸಿ, ತೊಡೆಯ ಮೇಲಿಟ್ಟುಕೊಂಡು, ಒಂದೊಂದರ ಮೇಲಿನ ಉಬ್ಬು ಚುಕ್ಕೆಗಳನ್ನೂ ಹೆಬ್ಬೆರಳಿನಿಂದ ಸವರಿ ಎರಡನ್ನು ಆರಿಸಿದರು. “ಇದು ಮೊದಲು, ಇದು ಆಮೇಲೆ.”

“ಎಲ್ಲಾನೂ ಹಾಕಿ ನೋಡಾಯ್ತಮ್ಮಾ. ಸ್ಕ್ರೀನ್ ಕಪ್ಪಗೇ ಇರುತ್ತೆ, ಆಫ್ ಮಾಡಿಬಿಡ್ತೀನಿ.”

ಅಮ್ಮ ಬೆರಳಾಡಿಸುತ್ತ ಓದಿದರು: “‘ಮೊದಲ ಫ್ಲಾಪಿ ಹಾಕಿದ ಮೇಲೆ ಪರದೆ ತುಂಬಾ ಹೊತ್ತು ಕಪ್ಪಗಿರುತ್ತದಂತೆ. ಇದ್ದರೆ ನಮಗೇನು? ಕಿವಿಗೊಟ್ಟು ಕೂತಿರು. ಮೂರು ಸಲ ಕೀ ಎಂದ ಮೇಲೆ ಎರಡನೆಯದನ್ನು ಹಾಕು. ಹೆದರಬೇಡ, ನೀನು ಮುಟ್ಟಿದರೆ ಅದೇನೂ ಕೆಡುವುದಿಲ್ಲ.’”

ಬೆರಳು ಅಲ್ಲೇ ನಿಂತಿತು. ಇದು ಅವರು ತಮಗಾಗಿ ಬರೆದುಕೊಂಡದ್ದಲ್ಲ.

“ಕಲಿತ್ಕೋ, ಕಲಿತ್ಕೋ ಅಂತ ವರ್ಷಗಟ್ಟಲೆ ಗಂಟುಬಿದ್ದಿದ್ರು. ನಾನಿಲ್ಲದಾಗ ಯಾರು ನೋಡ್ಕೋತಾರೆ ಅನ್ನೋರು. ನೀವೆಲ್ಲಿಗೆ ಹೋಗ್ತೀರಿ ಸುಮ್ನಿರಿ ಅಂತಿದ್ದೆ ನಾನು.” ಮೆಕ್ಯಾನಿಕ್ ವೈರುಗಳನ್ನು ಸಿಕ್ಕಿಸಿ ಮೊದಲ ಫ್ಲಾಪಿ ಹಾಕಿದ.

ಇಬ್ಬರೂ ಕಪ್ಪು ಪರದೆಯ ಮುಂದೆ ಕೂತರು. ಎರಡು ಸಲ ಅವನ ಕೈ ಸ್ವಿಚ್ಚಿನ ಕಡೆ ಹೋಯಿತು. ಅವನ ಕುರ್ಚಿ ಕಿರುಗುಟ್ಟಿದ್ದನ್ನು ಕೇಳಿ ಎರಡು ಸಲವೂ ಅಮ್ಮ “ಕೂತ್ಕೋ” ಎಂದು ಗದರಿದರು. ಕೊನೆಗೆ ಕಂಪ್ಯೂಟರ್ ಸಣ್ಣ ದನಿಯಲ್ಲಿ ಕೀ, ಕೀ, ಕೀ ಎಂದಿತು. ಎರಡನೆಯ ಫ್ಲಾಪಿ ಒಳಗೆ ಹೋಗಿ ಗರಗರ ಸದ್ದು ಮಾಡಿತು. ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು.

“ಬಂತು! ಪುಸ್ತಕಗಳ ಪಟ್ಟಿ ಬಂತಮ್ಮಾ, ನೂರರವತ್ತೂ ಇವೆ!” ಮೆಕ್ಯಾನಿಕ್ ಕುಣಿಯುವುದೊಂದು ಬಾಕಿ. ಅವನ್ನು ಹೊರಗೆ ತೆಗೆಯುವ ವಿಧಾನವೂ ಮುಂದಿನ ಹಾಳೆಗಳಲ್ಲಿತ್ತು. ಅಮ್ಮ ಓದುತ್ತ ಹೋದರು, ಅವನು ಮಾಡುತ್ತ ಹೋದ. ಪುಸ್ತಕಗಳು ಒಂದರ ಹಿಂದೊಂದು ಹೊಸ ಕಂಪ್ಯೂಟರಿಗೆ ಇಳಿಯತೊಡಗಿದವು. ನಾಳೆ ಗುಜರಿಯವನು ಬಂದರೂ ಇನ್ನು ಹೆದರಿಕೆ ಇರಲಿಲ್ಲ.

“ಇನ್ನೊಂದು ಹಾಳೆ ಉಳಿದಿದೆಯಲ್ಲ, ಅದನ್ನೂ ಓದಿಬಿಡಿ. ಆಫ್ ಮಾಡೋದು ಹೇಗೆ ಅಂತ ಇರಬೇಕು.”

ಅಮ್ಮನ ಬೆರಳು ಮೊದಲ ಸಾಲಿನ ಕೊನೆಯವರೆಗೆ ಹೋಯಿತು. ಅಲ್ಲಿಂದ ವಾಪಸು ಬಂದು, ಮತ್ತೆ ಮೊದಲಿನಿಂದ, ನಿಧಾನವಾಗಿ ಹೊರಟಿತು.

“ಅಮ್ಮಾ, ಏನು ಬರೆದಿದ್ದಾರೆ?”

“ಇದು ಮಷೀನಿನ ವಿಷಯ ಅಲ್ಲಪ್ಪ,” ಎಂದರು ಅಮ್ಮ. ಅವನ ಕಣ್ಣಿಗೆ ಬೀಳದಿರಲೆಂದು ಆ ಚುಕ್ಕೆಗಳಿಗೆ ಇನ್ನೊಂದು ಕೈ ಅಡ್ಡ ಹಿಡಿದುಕೊಂಡು ಓದತೊಡಗಿದರು.