ಆರನೆಯ ಬೆರಳು

"ಹೊಸ ಟಿವಿಯಲ್ಲೂ ಚಿತ್ರ ಎಗರ್ತಾನೇ ಇದೆಯಲ್ಲಯ್ಯ," ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡ. "ಇನ್ನರ್ಧ ಗಂಟೆಗೆ ವಿಚಾರಣೆ. ಅಷ್ಟರೊಳಗೆ ನುಣ್ಣಗೆ ಮಾಡಿಕೊಡು."

ಟಿವಿ ಮೆಕ್ಯಾನಿಕ್ ಏಣಿಯಿಂದ ಇಳಿದು ನೋಡಿದ. ಕಾರ್ಖಾನೆಯ ಕ್ಯಾಮೆರಾ ಹಿಡಿದ ವಿಡಿಯೊ. ತಗಡು ಒತ್ತುವ ಮಶಿನಿನ ಮುಂದೆ ಒಬ್ಬ ಹೆಂಗಸಿನ ಬೆನ್ನು, ಮೇಜಿನ ಮೇಲೆ ಅವಳ ಬಲಗೈ. ಒಂದು ಜಾಗದಲ್ಲಿ ಚಿತ್ರ ಗಕ್ಕನೆ ಎಗರುತ್ತಿತ್ತು. ಎಗರಿದ ಮೇಲೆ ನೋಡಿದರೆ ಕೈ ಮಶಿನಿನ ಬಾಯೊಳಗೆ. ಬೆಳಿಗ್ಗೆ ಗೋಡೆಯಿಂದ ಇಳಿಸಿದ ಹಳೆಯ ಪ್ಲಾಸ್ಮಾ ಟಿವಿ ಕೂಡ ಇಲ್ಲೇ, ಹೀಗೇ ಎಗರಿತ್ತು. ಅದಕ್ಕೆ ವಯಸ್ಸಾಯಿತೆಂದು ಗುಜರಿಗೆ ಹಾಕಿ ಈ ಎಲ್‌ಸಿಡಿ ತರಿಸಿದ್ದರು.

"ಪ್ಲಾಸ್ಮಾಕ್ಕೆ ಸುಮ್ಮನೆ ಕೆಟ್ಟ ಹೆಸರು ಬಂತು ಸಾರ್. ಅದು ನಮ್ಮಜ್ಜಿ ಇದ್ದ ಹಾಗೆ, ಕಂಡದ್ದನ್ನ ಕಂಡ ಹಾಗೆ ಹೇಳಿಬಿಡುತ್ತೆ. ಎಲ್‌ಸಿಡಿಗೆ ಓಡೋ ಚಿತ್ರ ಅಂದ್ರೆ ಸ್ವಲ್ಪ ಕಷ್ಟ, ಮಬ್ಬಾಗುತ್ತೆ. ಅದಕ್ಕೇ ಇದರಲ್ಲಿ ಸ್ಮೂತ್ ಅಂತ ಒಂದು ಸೆಟ್ಟಿಂಗ್ ಇಟ್ಟಿರ್ತಾರೆ. ಎರಡು ಚಿತ್ರದ ನಡುವೆ ತಾನೇ ಒಂದಷ್ಟು ಚಿತ್ರ ಹುಟ್ಟಿಸಿ ತುಂಬುತ್ತೆ."

"ಇಲ್ಲದ್ದನ್ನ ಎಲ್ಲಿಂದ ತರುತ್ತೆ?"

"ಹಿಂದಿನದು ನೋಡುತ್ತೆ, ಮುಂದಿನದು ನೋಡುತ್ತೆ, ನಡುವೆ ಹೀಗೇ ಆಗಿರಬೇಕು ಅಂತ ಊಹೆ ಮಾಡುತ್ತೆ. ನಮ್ಮ ಪಕ್ಕದ ಮನೆಯವರ ಹಾಗೆ."

ಮ್ಯಾನೇಜರ್ ಆ ದಿನ ಮೊದಲ ಸಲ ನಕ್ಕ. "ಪೂರ್ತಿ ಏರಿಸು."

ಸ್ಮೂತ್ ಹತ್ತಕ್ಕೆ ಏರಿತು. ಈಗ ಕೈ ಮೇಜಿನಿಂದ ಎದ್ದು, ಎಣ್ಣೆಯ ಮೇಲೆ ಜಾರಿದಂತೆ ಮಶಿನಿನ ಬಾಯಿಗೆ ನಡೆದುಹೋಯಿತು, ಯಾರೂ ಕರೆಯದೆ, ತಾನಾಗಿ. ಮೆಕ್ಯಾನಿಕ್‌ಗೆ ತನ್ನ ಕೈಚಳಕದ ಬಗ್ಗೆ ಹೆಮ್ಮೆಯೇ ಆಯಿತು. ರಿಮೋಟ್ ಹಿಡಿದು ಅಲ್ಲೇ ನಿಂತಿರು ಎಂದಾಗ ಖುಷಿಯಿಂದಲೇ ನಿಂತ.

ವಿಚಾರಣೆಯ ಹೊತ್ತಿಗೆ ಆ ಹೆಂಗಸು ಬಂದಳು. ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ಅದರೊಳಗೆ ಉಳಿದದ್ದು ಹೆಬ್ಬೆರಳೊಂದೇ. ಖಾಲಿ ಕುರ್ಚಿ ಇತ್ತು, ಕೂತುಕೋ ಎಂದು ಯಾರೂ ಅನ್ನಲಿಲ್ಲ. ವಿಚಾರಣಾಧಿಕಾರಿಯ ಮುಂದಿದ್ದ ಹಾಳೆಯಲ್ಲಿ 'ಸ್ವಂತ ಅಜಾಗರೂಕತೆ, ಕೆಲಸದಿಂದ ವಜಾ' ಎಂದು ಆಗಲೇ ಟೈಪಾಗಿತ್ತು, ಸಹಿಯೊಂದು ಬಾಕಿ. ನ್ಯಾಯಕ್ಕೆ ಅಷ್ಟು ಅವಸರವಿತ್ತು.

"ತಗಡು ಸಿಕ್ಕಿಹಾಕಿಕೊಂಡಿತ್ತು ಸಾರ್," ಎಂದಳು. "ಸೂಪರ್‌ವೈಸರ್ ಪಕ್ಕಕ್ಕೆ ಬಂದು, ಮಶಿನ್ ಆಫ್ ಮಾಡಿದೀನಿ, ಕೈ ಹಾಕಿ ತೆಗಿ ಅಂದ್ರು. ಹಾಕಿದೆ. ನಾನು ಕೈ ಈಚೆ ತೆಗೆಯೋದ್ರೊಳಗೆ ಅವರು ಆಚೆ ಗೋಡೆಗೆ ಹೋಗಿ ಸ್ವಿಚ್ ಹಾಕಿಬಿಟ್ರು. ಕೆಲಸದಿಂದ ತೆಗೀಬೇಡಿ ಸಾರ್. ಈ ಕೈ ನೋಡಿ ಇನ್ಯಾರು ಕೆಲಸ ಕೊಡ್ತಾರೆ?"

"ಸೂಪರ್‌ವೈಸರ್ ಎಲ್ಲಮ್ಮ ಇದ್ದಾರೆ ಇದರಲ್ಲಿ?" ಅಧಿಕಾರಿ ಪೆನ್ನಿನಿಂದ ಪರದೆ ತೋರಿಸಿದ. "ನೀರು ಹರಿದ ಹಾಗಿದೆ, ಎಲ್ಲೂ ತುಂಡಾಗಿಲ್ಲ. ನೀನೇ ಹಾಕ್ತಾ ಇದ್ದೀಯ. ಏಯ್, ಅಲ್ಲೇ ನಿಲ್ಲಿಸಯ್ಯ. ನೋಡಮ್ಮ, ಇದು ಯಾರ ಕೈ?"

ಮೆಕ್ಯಾನಿಕ್ ಗುಂಡಿ ಒತ್ತಿದ. ಕೈ ಅರ್ಧ ದಾರಿಯಲ್ಲಿ ನಿಂತಿತು. ಹೆಂಗಸು ಪರದೆಯ ಹತ್ತಿರ ಹೋದಳು. ಮಗುವಿಗೆ ಎಣಿಕೆ ಕಲಿಸುವವಳ ಹಾಗೆ, ಎಡಗೈಯಿಂದ ಒಂದೊಂದೇ ಬೆರಳು ಮುಟ್ಟುತ್ತಾ ಹೋದಳು. ಮತ್ತೊಮ್ಮೆ ಮೊದಲಿನಿಂದ ಮುಟ್ಟಿದಳು.

"ನನ್ನದಲ್ಲ ಸಾರ್. ನನಗಿದ್ದದ್ದು ಐದೇ. ಇದಕ್ಕೆ ಆರಿದೆ."

ಮೆಕ್ಯಾನಿಕ್ ತಾನೂ ಎಣಿಸಿದ. ಹೌದು, ಆರು. ಕಿರುಬೆರಳ ಪಕ್ಕದಲ್ಲಿ ಹೊಗೆಯಂಥದ್ದೊಂದು ಬೆರಳು ಚಿಗುರಿ ನಿಂತಿತ್ತು. ಯಾವ ತಾಯಿಯೂ ಹೆರದ ಕೈ ಅದು. ಹೆತ್ತದ್ದು ಟಿವಿ, ಸೂಲಗಿತ್ತಿ ತಾನು. ಆ ಎಗರುವಿಕೆ ಸೆಟ್ಟಿನ ರೋಗವಾಗಿದ್ದರೆ ಹಳೆಯ ಸೆಟ್ಟಿನ ಜೊತೆಗೇ ಹೋಗಬೇಕಿತ್ತು. ಎರಡು ಸೆಟ್ಟು, ಒಂದೇ ಜಾಗ, ಒಂದೇ ಎಗರು. ಇಪ್ಪತ್ತು ವರ್ಷ ಟಿವಿಗಳ ಹೊಟ್ಟೆ ಬಗೆದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ!

"ರಿಮೋಟ್ ಕೊಡು ಇಲ್ಲಿ," ಎಂದ ಮ್ಯಾನೇಜರ್.

ಮೆಕ್ಯಾನಿಕ್ ಕೊಡಲಿಲ್ಲ. ಸ್ಮೂತ್ ಸೊನ್ನೆಗೆ ಇಳಿಸಿ ವಿಡಿಯೊ ಮತ್ತೆ ಓಡಿಸಿದ. ಮೇಜಿನ ಮೇಲೆ ಕೈ. ಗಕ್. ಮಶಿನಿನೊಳಗೆ ಕೈ. ಹೋದ ದಾರಿಯೇ ಇಲ್ಲ. ಇನ್ನೊಮ್ಮೆ ಓಡಿಸಿದ. ಮತ್ತೆ ಅಲ್ಲೇ ಗಕ್. ಅಧಿಕಾರಿಯ ಪೆನ್ನು ಹಾಳೆಯಿಂದ ಒಂದು ಗೇಣು ಮೇಲೆಯೇ ನಿಂತಿತು.

"ಟಿವಿ ಕೆಟ್ಟಿದೆ ಸಾರ್, ಬದಲಾಯಿಸ್ತೀವಿ," ಮ್ಯಾನೇಜರ್ ಅವಸರದಿಂದ ಅಂದ.

"ಟಿವಿ ಚೆನ್ನಾಗಿದೆ." ಮೆಕ್ಯಾನಿಕ್ ಅಧಿಕಾರಿಯ ಕಡೆ ತಿರುಗಿದ. "ವಿಡಿಯೊದಲ್ಲೇ ನಡುವೆ ಒಂದಷ್ಟು ಹೊತ್ತು ಇಲ್ಲ ಸಾರ್. ಆ ತೂತಿಗೆ ತೇಪೆ ಹಾಕಿದ್ದು ಈ ಟಿವಿ. ಹಾಕಿಸಿದ ದಡ್ಡ ನಾನು."

"ಹಾಗಾದ್ರೆ ಅಲ್ಲಿದ್ದದ್ದು ಎಲ್ಲಿ ಹೋಯ್ತು? ಅದನ್ನೂ ಟಿವಿಯೇ ನುಂಗಿತಾ?" ಎಂದ ಅಧಿಕಾರಿ.

"ಇಲ್ಲದ್ದನ್ನ ಹುಟ್ಟಿಸೋದು ಟಿವಿಗೆ ಬರುತ್ತೆ ಸಾರ್. ಇದ್ದದ್ದನ್ನ ಅಳಿಸೋಕೆ ಬರಲ್ಲ. ಅದಕ್ಕೆ ಮನುಷ್ಯರೇ ಬೇಕು."

ಯಾರೂ ಪರದೆ ನೋಡುತ್ತಿರಲಿಲ್ಲ. ಮೇಜಿನ ಮೇಲೆ ಹರಡಿಕೊಂಡಿದ್ದ ಮ್ಯಾನೇಜರನ ಹತ್ತೂ ಬೆರಳುಗಳು, ಒಂದೊಂದಾಗಿ, ಮೇಜಿನ ಕೆಳಗೆ ಇಳಿದವು.