ತಾತನ ಭರಣಿಯ ಸೋಜು

ಕೊರಿಯಾದ ಆ ಊರಿನಲ್ಲಿ ಅಕ್ಕಿಯ ಮದ್ಯ ಸೋಜುವನ್ನು ಮಣ್ಣಿನ ಭಟ್ಟಿಯಲ್ಲಿ ಇಳಿಸುವ ಮನೆ ಅದೊಂದೇ ಉಳಿದಿತ್ತು. ಈ ಸಲ ಕೊಂಡವರೆಲ್ಲ ಭರಣಿಗಳನ್ನು ವಾಪಸ್ಸು ತಂದಿಟ್ಟು ಹೋದರು.

"ಹುಳಿ ವಾಸನೆ ಹೊಡೀತಿದೆ ಅಂತಾರೆ ಅಪ್ಪಾ," ಎಂದಳು ಮಗಳು. "ಇನ್ನು ಮೇಲೆ ರುಚಿ ನಾನು ನೋಡ್ಲಾ?"

ಅಪ್ಪ ಕೆರಳಿದ. "ಅಂಗಡಿಯ ಹಸಿರು ಬಾಟಲಿ ಕುಡಿದು ಕುಡಿದು ಅವರ ನಾಲಿಗೆ ಸತ್ತಿದೆ. ಕಾರ್ಖಾನೆ ಸ್ಪಿರಿಟ್ಟಿಗೆ ನೀರು, ಸಿಹಿ ಬೆರೆಸಿದ್ದು ಅದು! ಹೋಗು, ಅದು ಒಂದು ಬಟ್ಟಲು, ನಿನ್ನ ತಾತ ಇಳಿಸಿಟ್ಟದ್ದು ಒಂದು ಬಟ್ಟಲು ತಾ. ಯಾವುದು ಯಾವುದು ಅಂತ ಹೇಳ್ತೀನಿ. ತಪ್ಪಿದರೆ ಮತ್ತೆ ಭಟ್ಟಿ ಮುಟ್ಟಲ್ಲ."

ಅವಳು ಎರಡು ಬಟ್ಟಲು ತಂದು ಅಪ್ಪನ ಮುಂದಿಟ್ಟಳು. ಎರಡೂ ನೀರಿನಷ್ಟೇ ತಿಳಿಯಾಗಿದ್ದವು.

ಮೊದಲನೆಯದನ್ನು ಬಾಯಿಗಿಟ್ಟವನೇ ಅವನು ಉಗುಳಿದ. "ಥೂ, ಸಕ್ಕರೆ ನೀರು!" ಎರಡನೆಯದನ್ನು ನಾಲಿಗೆಯ ಮೇಲೆ ಹೊರಳಾಡಿಸಿ ಕಣ್ಣು ಮುಚ್ಚಿದ. "ಇದು ನೋಡು, ನಮ್ಮಪ್ಪನದು. ಬೆಂದ ಅನ್ನದ ಘಮ, ಸೌದೆಯ ಹೊಗೆ, ಆಮೇಲೆ ಎದೆಯೊಳಗೆ ಇಳಿಯೋ ಬಿಸಿ. ಸರಿ ತಾನೇ?"

ಮಗಳು ಅವನು ಉಗುಳಿದ್ದನ್ನು ಬಟ್ಟೆಯಿಂದ ಒರೆಸಿದಳು.

"ಸರಿ ಅಪ್ಪಾ."

"ಹಾಗಾದ್ರೆ ಆ ಸಕ್ಕರೆ ನೀರು ನೀನೇ ಕುಡಿ. ಊರವರ ನಾಲಿಗೆ ಎಂಥದ್ದು ಅಂತ ಗೊತ್ತಾಗಲಿ."

ಹಿರಿಯರ ಎದುರು ಕುಡಿಯುವಾಗ ಮುಖ ಆಚೆ ತಿರುಗಿಸುವುದು ಅಲ್ಲಿಯ ಪದ್ಧತಿ. ಅವಳು ಅಪ್ಪ ತಳ್ಳಿದ ಬಟ್ಟಲನ್ನೆತ್ತಿ, ಮುಖ ತಿರುಗಿಸಿ, ಒಂದು ಗುಟುಕು ಕುಡಿದಳು. ಬೆಂದ ಅನ್ನದ ಘಮ ಬಂತು, ಸೌದೆಯ ಹೊಗೆ ಬಂತು, ಆಮೇಲೆ ಎದೆಯೊಳಗೆ ಆ ಬಿಸಿ ನಿಧಾನವಾಗಿ ಇಳಿಯಿತು.