ಬ್ರೇಕ್ ಹಿಡಿಯಲಿಲ್ಲ

ಅದೇ ಗಿರಾಕಿ ನಾಲ್ಕನೇ ಸಲ ಬಂದಿದ್ದ, ಬ್ರೇಕ್ ಹಿಡಿಯಲಿಲ್ಲ ಎಂಬ ಅದೇ ದೂರು ಹೊತ್ತು. ಪ್ರತಿ ಸಲವೂ ಕಾರನ್ನು ಬೇರೆ ಯಾರೋ ಓಡಿಸಿ ತರುತ್ತಿದ್ದರು. ಈತ ಹಿಂದಿನಿಂದ ಆಟೊದಲ್ಲಿ ಬರುತ್ತಿದ್ದ. ಸರ್ವಿಸ್ ಸೆಂಟರಿನ ಹಾಲೇಶನಿಗೆ ತಲೆ ಚಿಟ್ಟು ಹಿಡಿದಿತ್ತು.

"ಸಾರ್, ಕಂಪ್ಯೂಟರ್ ಹಾಕಿ ನೋಡಿದ್ವಿ. ನಾನೇ ಇಪ್ಪತ್ತು ಕಿಲೋಮೀಟರ್ ಓಡಿಸ್ದೆ. ಗಾಡೀಲಿ ಏನೂ ದೋಷ ಇಲ್ಲ."

"ಇದೆ. ಇನ್ನೊಂದ್ಸಲ ನೋಡಿ."

"ನೂರು ಸಲ ನೋಡಿದ್ರೂ ಅಷ್ಟೇ ಸಾರ್."

"ಹಂಗಾದ್ರೆ ನೋಡ್ಬೇಡಿ. ಬ್ರೇಕ್ ಫೇಲಾಗಿತ್ತು ಅಂತ ನಿಮ್ಮ ಕಾಗದದ ಮೇಲೆ ಬರೆದು ಸೀಲ್ ಹಾಕಿಕೊಡಿ, ಸಾಕು."

ಈಗ ಬಂದ ನೋಡು ವಿಷಯಕ್ಕೆ, ಎಂದುಕೊಂಡ ಹಾಲೇಶ. ಹನ್ನೊಂದು ವರ್ಷದಿಂದ ಇಂಥ ಎಷ್ಟು ಜನರನ್ನು ಕಂಡಿಲ್ಲ ಅವನು! ಕೈಗೊಂದು ಕಾಗದ ಸಿಕ್ಕರೆ ಸಾಕು, ಪರಿಹಾರ ಕೊಡಿ ಎಂದು ಕಂಪನಿಯ ಕುತ್ತಿಗೆ ಮೇಲೇ ಕೂರುತ್ತಾರೆ.

"ಯಾವ ಕೋರ್ಟಿಗೆ ಕೊಡ್ತೀರಿ ಸಾರ್ ಅದನ್ನ?"

ಗಿರಾಕಿ ಗಾಜಿನಾಚೆ ನಿಂತಿದ್ದ ಕಾರಿನ ಕಡೆ ನೋಡಲಿಲ್ಲ.

"ಕೋರ್ಟಿಗಲ್ಲ, ನನ್ನ ಹೆಂಡ್ತಿಗೆ ತೋರಿಸ್ಬೇಕು. ಅವತ್ತು ಗಾಡಿ ರಿವರ್ಸ್ ತೆಗೆದೋಳು ಅವಳೇ. ಹಿಂದೆ ನೆಲದ ಮೇಲೆ ನಮ್ಮ ಮಗಳು ಆಡ್ತಾ ಕೂತಿದ್ಲು."